ಎಳೆಯ ಹೆಗಲಿಗೆ ಯಾವ ರೈಫಲ್? ಸ್ಪ್ರಿಂಗ್, ಪಿಸಿಪಿ, .22 ಇವುಗಳ ನಡುವೆ ಆಯ್ಕೆ

ಹುಡುಗನಿಗೋ ಹುಡುಗಿಗೋ ಮೊದಲ ರೈಫಲ್ ಕೊಡಿಸುವ ಮಾತು ಕಲಬುರಗಿ, ಬೀದರ್, ಯಾದಗಿರಿ ಭಾಗದ ಮನೆಗಳಲ್ಲಿ ಹೆಚ್ಚಾಗಿ ಎರಡು ಕಾರಣಕ್ಕೆ ಏಳುತ್ತದೆ. ಎನ್‌ಸಿಸಿ ಶಿಬಿರದಲ್ಲಿ .22 ರೈಫಲ್‌ನಿಂದ (0.22 ಇಂಚು ನಳಿಕೆಯ, ಮದ್ದಿನ ಗುಂಡಿನ ರೈಫಲ್) ಗುಂಡು ಹಾರಿಸಿ ಬಂದ ಮಕ್ಕಳು ಇನ್ನಷ್ಟು ಕಲಿಯುತ್ತೇವೆ ಎಂದು ಹಟ ಹಿಡಿಯುವುದು ಒಂದು. ಹೊಲದಲ್ಲಿ ತೊಗರಿಗೂ ಶೇಂಗಾಕ್ಕೂ ಕಾಡುಹಂದಿಯ ಕಾಟವಿರುವ, ಅಜ್ಜನ ಕಾಲದ ಪರವಾನಗಿ ಬಂದೂಕು ಗೋಡೆಗೆ ತೂಗುಬಿದ್ದಿರುವ ಮನೆಯಲ್ಲಿ ಮಕ್ಕಳಿಗೂ ಬೇಟೆಯ ಆಸೆ ಹುಟ್ಟುವುದು ಇನ್ನೊಂದು. ಎರಡನೆಯದರ ಉತ್ತರವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. 1972ರ ವನ್ಯಜೀವಿ (ಸಂರಕ್ಷಣೆ) ಕಾಯ್ದೆಯ ಕಲಂ 9 ಬೇಟೆಯನ್ನು ನಿಷೇಧಿಸಿದೆ. ಬೀದರ್ ಬಯಲಿನಲ್ಲಿ ಮೇಯುವ ಕೃಷ್ಣಮೃಗವಾಗಲಿ, ಹೊಲದ ಬದುವಿನ ನವಿಲಾಗಲಿ ಅದರ ಮೊದಲನೇ ಅನುಸೂಚಿಯಲ್ಲಿರುವ ಪ್ರಾಣಿಗಳು. ಬೆಳೆ ಹಾಳುಮಾಡುವ ಪ್ರಾಣಿಯ ವಿಷಯದಲ್ಲಿ ಏನು ಮಾಡಬೇಕೆಂದು ತೀರ್ಮಾನಿಸುವುದು ಅರಣ್ಯ ಇಲಾಖೆಯ ಕೆಲಸ, ಮನೆಯ ಎಳೆಯರದ್ದಲ್ಲ. ಅದರ ಮೇಲೆ 1959ರ ಆಯುಧ ಕಾಯ್ದೆಯ ಪ್ರಕಾರ 21 ವರ್ಷ ತುಂಬದವರು ಸ್ವಂತಕ್ಕೆ ಬಂದೂಕು ಹೊಂದುವಂತಿಲ್ಲ. ನಿಗದಿತ ವಯಸ್ಸು ದಾಟಿದ ಕಿರಿಯರು ತರಬೇತಿಯ ಸಲುವಾಗಿ, ಷರತ್ತುಗಳಿಗೆ ಒಳಪಟ್ಟು ಅದನ್ನು ಬಳಸಬಹುದು, ಅಷ್ಟೇ.

ಆದ್ದರಿಂದ ಇಲ್ಲಿ ಹೋಲಿಸುತ್ತಿರುವುದು ಗುರಿ ಅಭ್ಯಾಸದ ರೈಫಲ್‌ಗಳನ್ನು. ಹೊರದೇಶಗಳಲ್ಲಿ ಎಳೆಯ ಬೇಟೆಗಾರರಿಗೆಂದು ಗಿಡ್ಡ ಬಟ್ (ಹೆಗಲಿಗೆ ಆನಿಸುವ ಹಿಂಭಾಗ) ಹಾಕಿದ .243 ವಿಂಚೆಸ್ಟರ್ ಅಥವಾ 7ಎಂಎಂ-08 ರೈಫಲ್ ಕೊಡುವ ರೂಢಿಯಿದೆ; ದೊಡ್ಡವರು ಬಳಸುವ .30-06 ಗುಂಡಿಗೆ ಹೋಲಿಸಿದರೆ .243ರ ಒದೆತ ಅರ್ಧಕ್ಕಿಂತ ಕಡಿಮೆ ಎಂಬುದೇ ಅದಕ್ಕೆ ಕಾರಣ. ಆ ಲೆಕ್ಕಾಚಾರದ ಹಿಂದಿರುವ ವಿವೇಕ ನಮಗೂ ಬೇಕು, ಆ ಬಂದೂಕುಗಳು ಬೇಡ.

ಒದೆತವನ್ನು ಅಳೆಯುವುದು ಹೇಗೆ

ಮುಂದಕ್ಕೆ ಹೋಗುವ ಗುಂಡು ಮತ್ತು ಅನಿಲದ ಸಂವೇಗ ಎಷ್ಟಿದೆಯೋ ಅಷ್ಟೇ ಸಂವೇಗ ಬಂದೂಕನ್ನು ಹಿಂದಕ್ಕೆ ತಳ್ಳುತ್ತದೆ. ಬಂದೂಕು ಭಾರವಾದಷ್ಟೂ ಅದು ಹಿಂದೆ ಸರಿಯುವ ವೇಗ ಕಡಿಮೆಯಾಗುತ್ತದೆ. ಸುಮಾರು 2.6 ಗ್ರಾಂ ತೂಕದ .22 ಗುಂಡು ಸೆಕೆಂಡಿಗೆ 330 ಮೀಟರ್ ವೇಗದಲ್ಲಿ ಹೊರಟರೆ ಮೂರು ಕಿಲೋ ತೂಕದ ರೈಫಲ್ ಸೆಕೆಂಡಿಗೆ ಸುಮಾರು 30 ಸೆಂಟಿಮೀಟರ್ ವೇಗದಲ್ಲಿ ಹಿಂದೆ ಬರುತ್ತದೆ, ಮತ್ತು ಹೆಗಲಿಗೆ ತಗಲುವ ಶಕ್ತಿ ಒಂದು ಜೌಲ್‌ನ ಐದನೇ ಒಂದು ಭಾಗವೂ ಆಗುವುದಿಲ್ಲ. ಅದೇ 12 ಬೋರ್ ಬಂದೂಕು 32 ಗ್ರಾಂ ಚರೆಯನ್ನು ಸೆಕೆಂಡಿಗೆ 400 ಮೀಟರ್ ಆಸುಪಾಸಿನ ವೇಗದಲ್ಲಿ ಎಸೆಯುವಾಗ 30 ಜೌಲ್ ದಾಟಿದ ಹೊಡೆತ ಹೆಗಲಿಗೆ ಬೀಳುತ್ತದೆ, ಅಂದರೆ ಸರಿಸುಮಾರು ಇನ್ನೂರು ಪಟ್ಟು. ಅಜ್ಜನ ಬಂದೂಕನ್ನು ‘ಒಂದು ಸಲ ಹಿಡಿದು ನೋಡು’ ಎಂದು ಹದಿಮೂರರ ಹುಡುಗನ ಕೈಗಿಡುವ ಮಾವಂದಿರು ಈ ಸಂಖ್ಯೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಒಂದೇ ಹೊಡೆತಕ್ಕೆ ಕಲಿತ ಬೆದರಿಕೆ, ಅಂದರೆ ಟ್ರಿಗರ್ ಒತ್ತುವ ಮುನ್ನವೇ ಕಣ್ಣು ಮುಚ್ಚಿ ಹೆಗಲು ಹಿಂದೆಳೆಯುವ ಅಭ್ಯಾಸ, ಬಿಡಿಸಲು ತಿಂಗಳುಗಟ್ಟಲೆ ಹಿಡಿಯುತ್ತದೆ.

10 ಮೀಟರ್ ಸ್ಪರ್ಧೆಯ ಏರ್ ರೈಫಲ್‌ನ ಲೆಕ್ಕ ಇನ್ನೂ ಸಣ್ಣದು. ಅರ್ಧ ಗ್ರಾಂ ತೂಕದ 4.5 ಮಿಲಿಮೀಟರ್ ಪೆಲೆಟ್ ಸೆಕೆಂಡಿಗೆ 175 ಮೀಟರ್ ವೇಗದಲ್ಲಿ ಹೊರಟಾಗ ನಾಲ್ಕೂವರೆ ಕಿಲೋದ ರೈಫಲ್ ಹಿಂದೆ ಸರಿಯುವ ವೇಗ ಸೆಕೆಂಡಿಗೆ ಎರಡು ಸೆಂಟಿಮೀಟರ್ ಮಾತ್ರ.

ಈ ಸಂಖ್ಯೆಗಳನ್ನು ಓದಿದವರು ಏರ್ ಗನ್ ಎಂದರೆ ಎಲ್ಲವೂ ಮೆತ್ತಗೆ, .22 ಅದಕ್ಕಿಂತ ಗಡುಸು ಎಂಬ ತೀರ್ಮಾನಕ್ಕೆ ಬರುವುದು ಸಹಜ, ಆದರೆ ಆಯ್ಕೆ ಹಾದಿ ತಪ್ಪುವುದು ಸರಿಯಾಗಿ ಇಲ್ಲಿಯೇ. ಏರ್ ಗನ್‌ಗಳಲ್ಲೇ ಎರಡು ಜಾತಿಯಿದೆ: ಸ್ಪ್ರಿಂಗ್ ಬಲದಿಂದ ಹೊಡೆಯುವುದು ಒಂದು, ಮೊದಲೇ ಒತ್ತಿಟ್ಟ ಗಾಳಿಯಿಂದ ಹೊಡೆಯುವ ಪಿಸಿಪಿಯಂಥದ್ದು ಇನ್ನೊಂದು. ನಳಿಕೆಯನ್ನು ಬಗ್ಗಿಸಿ ಲೋಡ್ ಮಾಡುವ ಸ್ಪ್ರಿಂಗ್ ಬಂದೂಕಿನಲ್ಲಿ ಟ್ರಿಗರ್ ಒತ್ತಿದ ಕೂಡಲೇ ಒಳಗಿನ ಉಕ್ಕಿನ ಪಿಸ್ಟನ್ ಮುಂದಕ್ಕೆ ನುಗ್ಗುತ್ತದೆ, ಆಗ ಬಂದೂಕು ಹಿಂದಕ್ಕೆ ಜಿಗಿಯುತ್ತದೆ. ಪಿಸ್ಟನ್ ತನ್ನ ಮುಂದಿನ ಗಾಳಿಗೆ ಢಿಕ್ಕಿ ಹೊಡೆದು ನಿಂತಾಗ ಬಂದೂಕು ಮುಂದಕ್ಕೆ ಎಳೆಯುತ್ತದೆ. ಈ ಕುಲುಕಾಟದ ಬಹುಭಾಗ ಪೆಲೆಟ್ ಇನ್ನೂ ನಳಿಕೆಯೊಳಗೆ ಇರುವಾಗಲೇ ನಡೆದುಹೋಗುತ್ತದೆ. ಹೆಗಲಿಗೆ ನೋವಿಲ್ಲ, ನಿಜ. ಆದರೆ ಗುರಿ ಚದುರುತ್ತದೆ. .22 ರೈಫಲ್‌ನಲ್ಲಿ ಗುಂಡು ಎರಡು ಮೂರು ಸಾವಿರಾಂಶ ಸೆಕೆಂಡಿನಲ್ಲಿ ನಳಿಕೆಯನ್ನು ಬಿಟ್ಟಿರುತ್ತದೆ, ಒದೆತ ಒಂದೇ ದಿಕ್ಕಿಗೆ, ಒಂದೇ ಬಾರಿಗೆ. ಹೀಗಾಗಿ ಶಕ್ತಿಯಲ್ಲಿ ಚಿಕ್ಕದಾದ ಸ್ಪ್ರಿಂಗ್ ಬಂದೂಕು ಕಲಿಯುವವರಿಗೆ ಕಷ್ಟದ್ದೂ, ಶಕ್ತಿಯಲ್ಲಿ ದೊಡ್ಡದಾದ .22 ಸುಲಭದ್ದೂ ಆಗುತ್ತದೆ. ಶರಣಬಸವೇಶ್ವರ ಜಾತ್ರೆಯಲ್ಲಿ ಬಲೂನಿಗೆ ಗುರಿಯಿಟ್ಟು ಹೊಡೆದವರಿಗೆ ಆ ಜಗ್ಗಾಟ ಗೊತ್ತಿರುತ್ತದೆ. ಅಲ್ಲಿ ಗುರಿ ತಪ್ಪಲು ಅಂಗಡಿಯವರ ಸೊಟ್ಟ ಗುರಿಕಡ್ಡಿಯ ಜೊತೆಗೆ ಇದೂ ಒಂದು ಕಾರಣ.

ಹೆಗಲಿಗಿಂತ ಮೊದಲು ಕಣ್ಣು, ತೋಳು

ಯಾವ ಜಾತಿಯ ಬಂದೂಕು ಎಂದು ತೀರ್ಮಾನಿಸುವ ಮೊದಲು ಮಗುವಿನ ಅಳತೆ ತೆಗೆದುಕೊಳ್ಳಬೇಕು. ಅಳತೆಗೆ ಹೊಂದದ ರೈಫಲ್ ಎಷ್ಟೇ ಮೆತ್ತಗಿದ್ದರೂ ಒದೆಯುತ್ತದೆ, ಏಕೆಂದರೆ ಬಟ್ ಹೆಗಲ ಗುಳಿಯಲ್ಲಿ ಕೂರದೆ ತೋಳಿನ ಮೇಲೋ ಕೊರಳೆಲುಬಿನ ಮೇಲೋ ಕೂತಿರುತ್ತದೆ. ಮಗು ತೋಳನ್ನು ಸಮಕೋನದಲ್ಲಿ ಮಡಚಿ ನಿಂತಿರಲಿ. ಬಟ್ಟಿನ ಹಿಂತುದಿಯನ್ನು ಮೊಣಕೈಯ ಒಳಮಡಿಕೆಗೆ ತಾಗಿಸಿ ನೋಡಿ. ತೋರುಬೆರಳಿನ ಮೊದಲ ಗೆಣ್ಣಿನ ಮಾಂಸಲ ಭಾಗ ಒತ್ತಾಯವಿಲ್ಲದೆ ಟ್ರಿಗರ್ ಮೇಲೆ ಬಂದು ಕೂತರೆ ಉದ್ದ ಸರಿಯಾಗಿದೆ ಎಂದರ್ಥ. ಬೆರಳು ತಲುಪಲು ಮೈ ಹಿಂದಕ್ಕೆ ಬಾಗುತ್ತಿದ್ದರೆ ಬಟ್ ಉದ್ದವಾಯಿತು. ದೊಡ್ಡವರ ಬಟ್ಟಿನ ಉದ್ದ 35 ಸೆಂಟಿಮೀಟರ್ ಆಸುಪಾಸಿನಲ್ಲಿರುತ್ತದೆ, ಹನ್ನೆರಡು ಹದಿಮೂರರ ಮಕ್ಕಳಿಗೆ ಅದರಲ್ಲಿ ನಾಲ್ಕೈದು ಸೆಂಟಿಮೀಟರ್ ಕಡಿಮೆ ಬೇಕಾಗುತ್ತದೆ. ಇನ್ನು ಎರಡು ವರ್ಷಕ್ಕೆ ಬೆಳೆಯುತ್ತಾನೆ ಎಂದು ಉದ್ದದ್ದನ್ನೇ ಕೊಡಿಸುವ ಶಾಲಾ ಸಮವಸ್ತ್ರದ ತರ್ಕ ಇಲ್ಲಿ ನಡೆಯುವುದಿಲ್ಲ. ಆ ಎರಡು ವರ್ಷದಲ್ಲಿ ಕಲಿತ ಕೆಟ್ಟ ನಿಲುವು ಜೀವನಪೂರ್ತಿ ಉಳಿಯುತ್ತದೆ. ಬಟ್ಟಿನ ಹಿಂದೆ ತೆಗೆದು ಹಾಕಬಹುದಾದ ಪಟ್ಟಿಗಳಿರುವ, ಕೆನ್ನೆಯ ಹಲಗೆಯನ್ನು ಏರಿಸಿ ಇಳಿಸಬಹುದಾದ ರೈಫಲ್ ಸ್ವಲ್ಪ ದುಬಾರಿಯಾದರೂ ಲೇಸು.

ಕಣ್ಣಿನ ಪರೀಕ್ಷೆಯನ್ನು ಹೆಚ್ಚಿನವರು ಮರೆಯುತ್ತಾರೆ. ಎರಡೂ ಕೈ ಚಾಚಿ, ಬೆರಳುಗಳ ನಡುವೆ ಒಂದು ಸಣ್ಣ ಕಿಂಡಿ ಮಾಡಿ, ಎರಡೂ ಕಣ್ಣು ತೆರೆದು ಅದರೊಳಗಿಂದ ಗೋಡೆಯ ಗಡಿಯಾರವನ್ನು ನೋಡಲು ಮಗುವಿಗೆ ಹೇಳಿ, ಬಳಿಕ ಒಂದೊಂದೇ ಕಣ್ಣು ಮುಚ್ಚಿಸಿ. ಯಾವ ಕಣ್ಣು ಮುಚ್ಚಿದಾಗ ಗಡಿಯಾರ ಕಿಂಡಿಯಿಂದ ಮರೆಯಾಗುತ್ತದೆಯೋ ಅದೇ ಮುಂದಾಳು ಕಣ್ಣು. ಬಲಗೈ ಮಗುವಿಗೆ ಎಡಗಣ್ಣು ಮುಂದಾಳಾಗಿದ್ದರೆ ಎಡಗೈ ಬಟ್ಟಿನ ರೈಫಲ್ ಬೇಕಾಗಬಹುದು, ಅಥವಾ ಎಡಗಣ್ಣಿಗೆ ಮರೆ ಕಟ್ಟಿ ಕಲಿಸಬೇಕಾಗಬಹುದು. ಇದನ್ನು ಹಣ ಕೊಡುವ ಮೊದಲೇ ತಿಳಿದಿರುವುದು ಒಳ್ಳೆಯದು.

ತೂಕದ ವಿಷಯದಲ್ಲಿ ಎರಡು ಹಿತಗಳು ಒಂದಕ್ಕೊಂದು ಎದುರು ನಿಲ್ಲುತ್ತವೆ. ಭಾರವಾದ ರೈಫಲ್ ಒದೆತವನ್ನು ನುಂಗುತ್ತದೆ, ಅಲುಗಾಟವನ್ನು ನಿಧಾನಗೊಳಿಸುತ್ತದೆ, ಹಾಗೆಯೇ ಎಳೆಯ ಸೊಂಟವನ್ನು ದಣಿಸುತ್ತದೆ. ಅಂತರರಾಷ್ಟ್ರೀಯ ನಿಯಮದಲ್ಲಿ 10 ಮೀಟರ್ ಏರ್ ರೈಫಲ್‌ಗೆ ಗರಿಷ್ಠ 5.5 ಕಿಲೋ ಮಿತಿಯಿದೆ, ಆದರೆ ಗರಿಷ್ಠವೇ ಗುರಿಯಾಗಬೇಕಿಲ್ಲ. ಮಗು ನಿಂತು ರೈಫಲ್ ಎತ್ತಿ ಒಂದು ನಿಮಿಷ ಹಿಡಿಯಲಿ. ಅರ್ಧ ನಿಮಿಷಕ್ಕೇ ನಳಿಕೆಯ ತುದಿ ಇಳಿಯತೊಡಗಿದರೆ, ಅಥವಾ ಭಾರ ತಡೆಯಲು ಬೆನ್ನು ವಿಪರೀತವಾಗಿ ಹಿಂದೆ ಬಾಗಿದರೆ, ಆ ರೈಫಲ್ ಸದ್ಯಕ್ಕೆ ಬೇಡ. ಆರಂಭದ ತಿಂಗಳುಗಳಲ್ಲಿ ಮೇಜಿನ ಮೇಲೆ ಮರಳು ಚೀಲವಿಟ್ಟು ಹೊಡೆಯುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ನಾಲ್ಕು ಆಯ್ಕೆಗಳು, ಒಂದೊಂದರ ಗುಣ

ಸ್ಪ್ರಿಂಗ್ ರೈಫಲ್ ಅಗ್ಗ, ಗಟ್ಟಿ, ಯಾವ ಪಂಪೂ ಬೇಡ. ಇಪ್ಪತ್ತು ಸಾವಿರ ರೂಪಾಯಿಯ ಒಳಗೆ ದೇಶೀಯ ತಯಾರಿಕೆಯ ಒಳ್ಳೆಯ ಬಂದೂಕು ಸಿಗುತ್ತದೆ. .177 ಬೋರ್ (4.5 ಮಿಲಿಮೀಟರ್) ಮೀರದ, 20 ಜೌಲ್ ಶಕ್ತಿ ದಾಟದ ಏರ್ ರೈಫಲ್‌ಗೆ ಪರವಾನಗಿ ಬೇಕಿಲ್ಲ. ಅಂಗಡಿಯಲ್ಲಿ ದೊಡ್ಡವರ ಗುರುತಿನ ದಾಖಲೆ ಕೇಳುತ್ತಾರೆ, ಬಿಲ್ಲು ಪಡೆದು ಜೋಪಾನವಾಗಿಡಬೇಕು. ದೇಶದೊಳಗಿನ ಸ್ಪರ್ಧೆಗಳಲ್ಲಿ ತೆರೆದ ಗುರಿಕಡ್ಡಿಯ ಏರ್ ರೈಫಲ್‌ಗೆ ಪ್ರತ್ಯೇಕ ವಿಭಾಗವೂ ಇರುವುದರಿಂದ ಇದು ಬರೀ ಆಟಿಕೆಯೇನಲ್ಲ. ಇದನ್ನು ಹೊಡೆಯುವ ವಿಧಾನ ಮಾತ್ರ ಬೇರೆ: ಬಿಗಿಯಾಗಿ ಹಿಡಿದಷ್ಟೂ ಪೆಲೆಟ್ ಚದುರುತ್ತದೆ, ಆದ್ದರಿಂದ ಮುಂದಿನ ಕೈಯ ತೆರೆದ ಅಂಗೈ ಮೇಲೆ ರೈಫಲ್ ಪ್ರತಿಸಲ ಒಂದೇ ಜಾಗದಲ್ಲಿ ಕೂತು, ತನ್ನಷ್ಟಕ್ಕೆ ಹಿಂದೆ ಮುಂದೆ ಆಡಲು ಬಿಡಬೇಕು. ಇನ್ನು ಎಚ್ಚರಿಕೆಗಳು. ನಳಿಕೆ ಬಗ್ಗಿಸಲು ಹತ್ತು ಕಿಲೋ ಮೀರಿದ ಬಲ ಬೇಕಾಗುವ ಮಾದರಿಗಳು ಹಲವು ಇವೆ, ಅಂಗಡಿಯಲ್ಲೇ ಮಗುವಿನ ಕೈಯಿಂದ ಬಗ್ಗಿಸಿ ನೋಡಬೇಕು. ಬಗ್ಗಿಸಿದ ನಳಿಕೆಯನ್ನು ಒಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದೇ ಇನ್ನೊಂದು ಕೈಯಿಂದ ಪೆಲೆಟ್ ಇಡಬೇಕು. ಆ ಹೊತ್ತಿನಲ್ಲಿ ಟ್ರಿಗರ್ ಬಿಟ್ಟುಕೊಂಡರೆ ನಳಿಕೆ ಛಟ್ಟನೆ ಮೇಲೆದ್ದು ಬೆರಳನ್ನೂ ಗಲ್ಲವನ್ನೂ ಒಡೆಯುತ್ತದೆ. ಪೆಲೆಟ್ ಇಲ್ಲದೆ ಖಾಲಿ ಹೊಡೆದರೆ ಪಿಸ್ಟನ್ ಹಾಳಾಗುತ್ತದೆ. ಸಾಮಾನ್ಯ ದುರ್ಬೀನನ್ನು ಈ ಎರಡು ದಿಕ್ಕಿನ ಕುಲುಕಾಟ ಕೆಲವೇ ದಿನಗಳಲ್ಲಿ ಸಡಿಲಗೊಳಿಸುತ್ತದೆ.

ಪಿಸಿಪಿ, ಅಂದರೆ ಮೊದಲೇ ಒತ್ತಿ ತುಂಬಿಟ್ಟ ಗಾಳಿಯಿಂದ ಹೊಡೆಯುವ ರೈಫಲ್, ಇಂದಿನ ಸ್ಪರ್ಧಾಕಣದ ಬಂದೂಕು. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ, 2012ರಲ್ಲಿ ಲಂಡನ್‌ನಲ್ಲಿ ಹೈದರಾಬಾದಿನ ಗಗನ್ ನಾರಂಗ್ ಕಂಚು ಗೆದ್ದ ಸ್ಪರ್ಧೆ ಈ 10 ಮೀಟರ್ ಏರ್ ರೈಫಲ್‌ನದ್ದೇ. ಒದೆತವೆಂಬುದು ಇಲ್ಲವೆನ್ನುವಷ್ಟು ಕಡಿಮೆ, ಲೋಡ್ ಮಾಡಲು ಒಂದು ಸನ್ನೆಯನ್ನು ಎಳೆದರೆ ಸಾಕು. ಹೀಗಾಗಿ ಮಗುವಿನ ಗಮನವೆಲ್ಲ ಉಸಿರು, ಗುರಿ, ಟ್ರಿಗರ್ ಈ ಮೂರರ ಮೇಲೆ ನಿಲ್ಲುತ್ತದೆ, ತಪ್ಪಾದರೆ ತಪ್ಪು ಎಲ್ಲಿಯದು ಎಂದು ತರಬೇತುದಾರರಿಗೂ ತಿಳಿಯುತ್ತದೆ. ಹಲವು ಮಾದರಿಗಳಲ್ಲಿ ಗಾಳಿ ವ್ಯಯವಾಗದಂತೆ ಖಾಲಿ ಟ್ರಿಗರ್ ಅಭ್ಯಾಸ ಮಾಡುವ ವ್ಯವಸ್ಥೆಯೂ ಇರುತ್ತದೆ, ಮನೆಯಲ್ಲಿ ಕಲಿಯುವವರಿಗೆ ಅದೊಂದೇ ಅರ್ಧ ಶಾಲೆ.

ತೊಡಕಿರುವುದು ಬೆಲೆಯಲ್ಲಿ ಮತ್ತು ಗಾಳಿಯಲ್ಲಿ. ಜರ್ಮನಿಯ ಫೈನ್‌ವೆರ್ಕ್‌ಬೌ, ವಾಲ್ಟರ್, ಆನ್‌ಶುಟ್ಸ್ ಮತ್ತು ಆಸ್ಟ್ರಿಯಾದ ಸ್ಟೈಯರ್ ಕಂಪನಿಗಳ ಸ್ಪರ್ಧಾ ರೈಫಲ್‌ಗಳು ಇಲ್ಲಿಗೆ ಬರುವ ಹೊತ್ತಿಗೆ ಸುಲಭವಾಗಿ ಎರಡು ಲಕ್ಷ ರೂಪಾಯಿ ದಾಟುತ್ತವೆ. ಪ್ರಿಸಿಹೋಲ್‌ನಂಥ ದೇಶೀಯ ಕಂಪನಿಗಳ ಪಿಸಿಪಿ ಅದಕ್ಕಿಂತ ಬಹಳ ಅಗ್ಗ. ಗಾಳಿಯನ್ನು 200 ಬಾರ್ ಒತ್ತಡಕ್ಕೆ ತುಂಬಬೇಕು. ಪಂಕ್ಚರ್ ಅಂಗಡಿಯ ಕಂಪ್ರೆಸರ್ 10 ಬಾರ್ ಆಸುಪಾಸಿಗೆ ನಿಲ್ಲುವುದರಿಂದ ಅದರಿಂದ ಆಗದು. ಇದಕ್ಕೆಂದೇ ಬರುವ ಕೈಪಂಪು ಬೇಕು ಅಥವಾ ಮುಳುಗುಗಾರರು ಬಳಸುವಂಥ ದೊಡ್ಡ ಗಾಳಿ ಸಿಲಿಂಡರ್ ಬೇಕು. ಕೈಪಂಪಿನಲ್ಲಿ 150 ಬಾರ್ ದಾಟಿದ ಮೇಲೆ ಹಿಡಿಕೆ ಒತ್ತಲು ದೊಡ್ಡವರ ಮೈಭಾರವೇ ಬೇಕಾಗುತ್ತದೆ. ವೆಲ್ಡಿಂಗ್ ಅಂಗಡಿಯ ಅಥವಾ ಆಸ್ಪತ್ರೆಯ ಆಕ್ಸಿಜನ್ ಸಿಲಿಂಡರ್‌ನಿಂದ ತುಂಬಿಸುವ ಯೋಚನೆ ಯಾರಿಗಾದರೂ ಬಂದರೆ ಅಲ್ಲಿಯೇ ತಡೆಯಬೇಕು: ಒತ್ತಡದ ಆಕ್ಸಿಜನ್ ಒಳಗಿನ ಗ್ರೀಸಿಗೆ ತಾಗಿದರೆ ಸ್ಫೋಟವಾಗುತ್ತದೆ. ನಮ್ಮ ಬೇಸಿಗೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. 25 ಡಿಗ್ರಿಯಲ್ಲಿ 200 ಬಾರ್ ತುಂಬಿದ ಸಿಲಿಂಡರ್, ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ 60 ಡಿಗ್ರಿ ಮುಟ್ಟಿದರೆ ಒತ್ತಡ 220 ಬಾರ್ ದಾಟುತ್ತದೆ; ಏಪ್ರಿಲ್, ಮೇ ತಿಂಗಳಲ್ಲಿ ಕಾರಿನ ಡಿಕ್ಕಿಯಲ್ಲಿ ರೈಫಲ್ ಬಿಟ್ಟು ಮದುವೆಯ ಊಟಕ್ಕೆ ಹೋಗುವಂತಿಲ್ಲ.

ಇವೆರಡರ ನಡುವೆ ಹಳೆಯ ಒಂದು ಜಾತಿಯಿದೆ, ಹೆಚ್ಚು ಜನ ಅದನ್ನು ಕೇಳುವುದೇ ಇಲ್ಲ: ಪ್ರತಿ ಹೊಡೆತಕ್ಕೂ ಪಕ್ಕದ ಸನ್ನೆಯನ್ನು ಒಮ್ಮೆ ಎಳೆದು ಗಾಳಿ ಒತ್ತುವ ರೈಫಲ್. ಫೈನ್‌ವೆರ್ಕ್‌ಬೌ 603 ಈ ಬಗೆಯದು. ಸಿಲಿಂಡರ್ ತುಂಬುವ ರಗಳೆಯಿಲ್ಲ, ಪಿಸ್ಟನ್ ಓಡಾಟವಿಲ್ಲದ್ದರಿಂದ ಪಿಸಿಪಿಯಷ್ಟೇ ಶಾಂತ. ಗಾಳಿ ತುಂಬಿಸುವ ಸೌಲಭ್ಯ ಹತ್ತಿರವಿಲ್ಲದ ಸುರಪುರದಂಥ, ಆಳಂದದಂಥ ಊರುಗಳಿಗೆ ಇದೇ ತಕ್ಕದ್ದು ಎಂಬುದು ನನ್ನ ಅಭಿಪ್ರಾಯ. ಸಿಕ್ಕರೆ ಕೈ ಬದಲಾದದ್ದೇ ಸಿಗಬೇಕು, ಮತ್ತು ಸನ್ನೆ ಎಳೆಯಲು ಬೇಕಾದ ಬಲದಿಂದ ಸಣ್ಣ ಮಕ್ಕಳು ಅರವತ್ತು ಹೊಡೆತಕ್ಕೆ ಸುಸ್ತಾಗುತ್ತಾರೆ. ಹದಿನಾಲ್ಕು ಹದಿನೈದರ ಮೇಲಿನವರಿಗೆ ಅಡ್ಡಿಯಿಲ್ಲ.

.22 ರೈಫಲ್ ಕೊಳ್ಳುವ ಸಾಮಗ್ರಿಯಲ್ಲ, ಹೋಗಿ ಕಲಿಯುವ ಸಾಮಗ್ರಿ. ಎನ್‌ಸಿಸಿಯ 25 ಗಜದ ಫೈರಿಂಗ್‌ನಲ್ಲಿ ಮಲಗಿ ಹೊಡೆಯುವಾಗ ಮಗುವಿನ ಮೈಯೆಲ್ಲ ನೆಲಕ್ಕೆ ಆತುಕೊಂಡಿರುತ್ತದೆ, ರೈಫಲ್‌ನ ಭಾರ ಎರಡೂ ಮೊಣಕೈಗೆ ಇಳಿದಿರುತ್ತದೆ, ಆದ್ದರಿಂದ ತೂಕದ ತೊಂದರೆ ತಾನೇ ನೀಗುತ್ತದೆ. ಇಲ್ಲಿ ಬೆದರಿಸುವುದು ಒದೆತವಲ್ಲ, ಸದ್ದು. .22ರ ಸಿಡಿತ 140 ಡೆಸಿಬೆಲ್ ಆಸುಪಾಸಿನದು. ಕಿವಿಗೆ ಬಿರಡೆ ಅಥವಾ ಮುಚ್ಚಳವಿಲ್ಲದೆ ಹೊಡೆಸಿದ ಮಗು ಹೆಗಲು ನೋವಾಯಿತು ಎನ್ನುತ್ತದೆ, ನಿಜವಾಗಿ ನಡುಗಿದ್ದು ಕಿವಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದದ್ದು ಇದೇ .22 ರೈಫಲ್‌ನ 50 ಮೀಟರ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ. ಅಲ್ಲಿಗೆ ಹೋಗುವ ಹಾದಿಯೂ ಸಾಮಾನ್ಯವಾಗಿ 10 ಮೀಟರ್‌ನ ಏರ್ ರೈಫಲ್ ಮೂಲಕವೇ.

ಹೊಡೆಯುವ ಜಾಗ ಯಾವುದು, ಅದರ ಮೇಲೆ ಬಂದೂಕು

ಬೀದರ್‌ನವರಿಗೆ ಹೈದರಾಬಾದ್ ಸುಮಾರು 140 ಕಿಲೋಮೀಟರ್. ಗಚ್ಚಿಬೌಲಿಯ ಶೂಟಿಂಗ್ ರೇಂಜ್‌ಗೆ ತಿಂಗಳಿಗೊಮ್ಮೆಯಾದರೂ ಹೋಗಿ ತರಬೇತಿ ಪಡೆಯುವುದು ಅವರಿಗೆ ಬೆಂಗಳೂರಿಗಿಂತ ಎಷ್ಟೋ ಸುಲಭ. ಹಾಗೆ ಹೋಗಲು ಸಾಧ್ಯವಿರುವವರು ಕೊಳ್ಳುವ ಅವಸರವನ್ನೇ ಮಾಡಬಾರದು. ಬಾಡಿಗೆಗೆ ಅಥವಾ ತರಬೇತಿಯ ಭಾಗವಾಗಿ ಸಿಗುವ ಪಿಸಿಪಿಯಲ್ಲಿ ಕಲಿತು, ಮಗುವಿನ ಆಸಕ್ತಿ ಒಂದು ವರ್ಷ ಉಳಿಯುತ್ತದೆಯೇ ನೋಡಿ, ಆಮೇಲೆ ಹಣ ಬಿಚ್ಚುವುದು ಸರಿ. ಸ್ಪರ್ಧೆಗೆ ಇಳಿಸುವ ಉದ್ದೇಶವಿದ್ದರೆ ರಾಜ್ಯ ರೈಫಲ್ ಸಂಸ್ಥೆಯ ಮೂಲಕ ನೋಂದಣಿಯನ್ನು ಮೊದಲೇ ವಿಚಾರಿಸಬೇಕು, ಯಾವ ವಿಭಾಗಕ್ಕೆ ಯಾವ ಗುರಿಕಡ್ಡಿ ಎಂಬುದು ಕೊಳ್ಳುವ ಬಂದೂಕನ್ನೇ ಬದಲಿಸುತ್ತದೆ.

ಮನೆಯಲ್ಲೇ ಅಭ್ಯಾಸ ಎನ್ನುವವರಿಗೆ 10 ಮೀಟರ್ ಉದ್ದದ ಓಣಿ ಅಥವಾ ಮಾಳಿಗೆ ಸಾಕು, ಗುರಿಯ ಕೇಂದ್ರ ನೆಲದಿಂದ 1.4 ಮೀಟರ್ ಎತ್ತರದಲ್ಲಿರಬೇಕು. ಆದರೆ ನಮ್ಮ ಕಡೆಯ ಮನೆಗಳದ್ದೊಂದು ವಿಶೇಷ ಅಪಾಯವಿದೆ. ಶಹಾಬಾದ್ ಕಲ್ಲಿನ ಗೋಡೆಗೂ ಫರಸಿಗೂ ಬಡಿದ ಪೆಲೆಟ್ ಚಪ್ಪಟೆಯಾಗಿ ಅಲ್ಲಿಯೇ ಬೀಳುತ್ತದೆ ಎಂದು ನಂಬುವಂತಿಲ್ಲ, ಅದು ಪುಟಿದು ಹೊಡೆದವರ ಕಣ್ಣಿಗೇ ಬರಬಹುದು. ಗುರಿಯ ಹಿಂದೆ ಕೆಳಮುಖವಾಗಿ ಓರೆಯಾಗಿಟ್ಟ ಉಕ್ಕಿನ ತಗಡಿನ ಪೆಟ್ಟಿಗೆ ಇರಬೇಕು, ಅದರ ಹಿಂದೆ ದಪ್ಪ ಹಲಗೆ ಇರಬೇಕು, ಓಣಿಗೆ ತೆರೆಯುವ ಬಾಗಿಲುಗಳೆಲ್ಲ ಒಳಗಿನಿಂದ ಚಿಲಕ ಹಾಕಿರಬೇಕು, ಹೊಡೆಯುವವರೂ ನೋಡುವವರೂ ಕನ್ನಡಕ ಧರಿಸಿರಬೇಕು. ಮಾಳಿಗೆಯ ಮೇಲೆ ತಡೆಗೋಡೆ ಎದೆಯೆತ್ತರ ಇಲ್ಲದಿದ್ದರೆ ಅಲ್ಲಿ ಹೊಡೆಯುವುದೇ ಬೇಡ. ಪೆಲೆಟ್ ಸೀಸದ್ದು, ಅಭ್ಯಾಸ ಮುಗಿದ ಮೇಲೆ ಸೋಪಿನಿಂದ ಕೈ ತೊಳೆದೇ ರೊಟ್ಟಿ ಮುಟ್ಟಬೇಕು. ಇಂಥ ಮನೆ ಓಣಿಗೆ ಶಕ್ತಿ ಹೆಚ್ಚಿರುವ ಬಂದೂಕು ಅನುಕೂಲವಲ್ಲ, ಅನನುಕೂಲ. ಅಂಗಡಿಯವರು ವೇಗದ ಸಂಖ್ಯೆ ತೋರಿಸಿ ಹೆಚ್ಚಿನದನ್ನು ಹೊಗಳಿದರೆ, 10 ಮೀಟರ್‌ಗೆ ಸೆಕೆಂಡಿಗೆ 175 ಮೀಟರ್ ವೇಗವೇ ಒಲಿಂಪಿಕ್ಸ್‌ಗೂ ಸಾಕಾಗಿದೆ ಎಂದು ಹೇಳಿ ಚಪ್ಪಟೆ ತಲೆಯ ಪೆಲೆಟ್ ಡಬ್ಬಿ ಕೇಳಬೇಕು. ಕಾಗದದ ಗುರಿಯಲ್ಲಿ ದುಂಡಗೆ ಸ್ವಚ್ಛವಾದ ತೂತು ಮಾಡುವುದು ಅದೇ.

ನನ್ನ ಆಯ್ಕೆಯನ್ನು ಕೇಳಿದರೆ, ಹನ್ನೆರಡರಿಂದ ಹದಿನಾಲ್ಕರ ಮಗುವಿಗೆ ಬಟ್ ಹೊಂದಿಸಬಹುದಾದ ಹಗುರ ಪಿಸಿಪಿ ಮೊದಲು, ಅದೂ ಸಾಧ್ಯವಾದಷ್ಟು ಕಾಲ ಸಂಸ್ಥೆಯದ್ದೇ ಆಗಿರಲಿ. ಅದಕ್ಕಿಂತ ದೊಡ್ಡವರಿಗೆ, ಗಾಳಿ ತುಂಬಿಸುವ ದಾರಿ ಇಲ್ಲದಿದ್ದರೆ, ಕೈ ಬದಲಾದ ಪಕ್ಕಸನ್ನೆಯ ರೈಫಲ್. ಎರಡೂ ದಕ್ಕದಿದ್ದಾಗ ಸ್ಪ್ರಿಂಗ್. ಆಗಲೂ ಅತಿ ಬಲದ್ದನ್ನು ಬಿಟ್ಟು ಬಗ್ಗಿಸಲು ಹಗುರವಾದದ್ದನ್ನು ಆರಿಸಬೇಕು, ಬಲ ಕಡಿಮೆಯಾದಷ್ಟೂ ಆ ಹಿಂದೆಮುಂದಿನ ಕುಲುಕಾಟವೂ ಇಳಿಯುತ್ತದೆ. ಎನ್‌ಸಿಸಿಯಲ್ಲಿ .22 ಸಿಗುವ ಮಕ್ಕಳು ಅದನ್ನು ಬಿಡಬಾರದು, ಮನೆಯ ಏರ್ ರೈಫಲ್ ಅದಕ್ಕೆ ಪೂರಕವಾಗಿರಲಿ.

ಕೈ ಬದಲಾದ ಪಿಸಿಪಿ ನೋಡಲು ಹೋದಾಗ ಬಣ್ಣ, ಗೀರುಗಳಿಗಿಂತ ಮೊದಲು ಸಿಲಿಂಡರ್ ಮೇಲೆ ಕೆತ್ತಿರುವ ದಿನಾಂಕವನ್ನು ಓದಬೇಕು. ಹತ್ತು ವರ್ಷ ದಾಟಿದ ಸಿಲಿಂಡರ್ ಇದ್ದರೆ ಸ್ಪರ್ಧೆಯ ಪರಿಶೀಲನೆಯಲ್ಲಿ ತೊಡಕಾಗುತ್ತದೆ, ಹೊಸ ಸಿಲಿಂಡರ್‌ನ ಬೆಲೆಯನ್ನು ಮಾತುಕತೆಯ ಮೊತ್ತದಲ್ಲಿ ಕಳೆಯಬೇಕು. ಬಳಿಕ ಗಾಳಿ ತುಂಬಿಸಿ ಒತ್ತಡದ ಮುಳ್ಳು ಎಲ್ಲಿದೆ ಎಂದು ಬರೆದಿಟ್ಟುಕೊಂಡು, ಒಂದು ರಾತ್ರಿ ನೆರಳಿನಲ್ಲಿ ಬಿಟ್ಟು, ಮರುದಿನ ಅದೇ ಹೊತ್ತಿಗೆ ಮತ್ತೆ ನೋಡಬೇಕು. ಮುಳ್ಳು ಇಳಿದಿದ್ದರೆ ಸೀಲು ಸೋರುತ್ತಿದೆ, ಆ ದಿನ ಹಣ ಕೊಡಬಾರದು.